ಗರಗಸದ ಹಲ್ಲು ಹರಿತವಿರಲಿ, ಕೈಬೆರಳು ಕ್ಷೇಮವಿರಲಿ

ಮುಂಗಾರು ಹತ್ತಿರ ಬಂದಂತೆ ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಮರಗಸಿಯ ಕೆಲಸ ಜೋರಾಗುತ್ತದೆ. ಮಳೆ ಹಿಡಿದ ಮೇಲಂತೂ ಗಾಳಿಗೆ ಉರುಳಿದ ಮರಗಳನ್ನು ತುಂಡು ಮಾಡಿ ದಾರಿ ಬಿಡಿಸುವ ಕೆಲಸ ಇದ್ದೇ ಇರುತ್ತದೆ. ಹಿಂದೆ ಕತ್ತಿ, ಕೊಡಲಿ, ಇಬ್ಬರು ಎದುರುಬದುರು ನಿಂತು ಎಳೆಯುವ ಗರಗಸ ಇವುಗಳಿಂದ ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬನೇ ಆಳು ಯಂತ್ರ ಗರಗಸ ಹಿಡಿದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಾನೆ. ಚೈನ್ ಸಾ ಎಂದೋ, ಮರ ಕೊಯ್ಯುವ ಮಿಷನ್ ಎಂದೋ ಕರೆಯಲಾಗುವ ಈ ಯಂತ್ರ ದೊಡ್ಡ ಎಸ್ಟೇಟುಗಳಲ್ಲಷ್ಟೇ ಅಲ್ಲ, ಸಣ್ಣ ಹಿಡುವಳಿದಾರರ ಕೊಟ್ಟಿಗೆಯ ಮೂಲೆಯಲ್ಲೂ ಕಾಣಸಿಗುತ್ತದೆ.

ಆರೋಗ್ಯದ ಅಂಕಣದಲ್ಲಿ ಗರಗಸದ ಮಾತೇಕೆ ಎಂದು ನೀವು ಕೇಳಬಹುದು. ಯಂತ್ರ ಗರಗಸವೆಂದರೆ ನಮಗೆ ಥಟ್ಟನೆ ನೆನಪಾಗುವುದು ಕೈಕಾಲು ಕತ್ತರಿಸಿಹೋಗುವ ಅಪಘಾತ. ಅದು ನಿಜವೇ. ಆದರೆ ರಕ್ತ ಬಾರದ, ನೋವೂ ಹೆಚ್ಚಾಗಿ ಕಾಣದ, ವರ್ಷಗಟ್ಟಲೆ ಸದ್ದಿಲ್ಲದೆ ಕೈಯನ್ನು, ಕಿವಿಯನ್ನು, ಶ್ವಾಸಕೋಶವನ್ನು ಕೆಡಿಸುವ ತೊಂದರೆಗಳೂ ಇದರಲ್ಲಿವೆ. ಇವುಗಳಲ್ಲಿ ಬಹುಪಾಲನ್ನು ತಡೆಯುವ ಉಪಾಯ ದುಬಾರಿಯದಲ್ಲ. ದಿನದ ಕೆಲಸ ಮುಗಿದ ಮೇಲೆ ಗರಗಸವನ್ನು ಶುಚಿ ಮಾಡಿ, ಹಲ್ಲು ಹರಿತ ಮಾಡಿ ಇಡುವುದೇ ಆ ಉಪಾಯ. ಗರಗಸದ ಆರೈಕೆಯೂ ಕೈಯ ಆರೈಕೆಯೂ ಒಂದೇ ಎಂಬುದನ್ನು ಈ ವಾರ ನೋಡೋಣ.

ವೈದ್ಯರ ಕೈಯಿಂದ ಕಾಡಿಗೆ

ಸರಪಳಿ ಗರಗಸದ ಮೂಲ ಕಾಡಿನಲ್ಲಿಲ್ಲ, ಆಸ್ಪತ್ರೆಯಲ್ಲಿದೆ ಎಂದರೆ ಆಶ್ಚರ್ಯವಾದೀತು. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರೆ ಎಂಬುವರು ಮೂಳೆ ಕತ್ತರಿಸಲು ಹಲ್ಲುಗಳುಳ್ಳ ಸಣ್ಣ ಸರಪಳಿಯನ್ನು ಬಳಸಿದರು. 1830ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಹಿಡಿಕೆ ತಿರುಗಿಸಿದರೆ ಪಟ್ಟಿಯ ಸುತ್ತ ಸರಪಳಿ ಓಡುವ ಉಪಕರಣವನ್ನೇ ತಯಾರಿಸಿದ. ಮರ ಕೊಯ್ಯುವ ಯಂತ್ರವಾಗಿ ಇದು ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಎರಡನೆಯ ಮಹಾಯುದ್ಧದ ನಂತರ ಒಬ್ಬನೇ ಹಿಡಿದು ಓಡಿಸಬಹುದಾದ ಹಗುರ ಯಂತ್ರಗಳು ಬಂದವು. ಆಗ ಕಾಡಿನ ಕೆಲಸಗಾರರಲ್ಲಿ ಹೊಸದೊಂದು ಕಾಯಿಲೆಯೂ ಕಾಣಿಸಿಕೊಂಡಿತು.

ಬೆರಳು ಬಿಳಿಚುವ ಕಾಯಿಲೆ

ಚಳಿಯ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ, ಇಲ್ಲವೇ ತಣ್ಣೀರಿನಲ್ಲಿ ಕೈ ತೊಳೆದಾಗ ಒಂದೆರಡು ಬೆರಳುಗಳ ತುದಿ ಇದ್ದಕ್ಕಿದ್ದಂತೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಮುಟ್ಟಿದರೆ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ರಕ್ತ ಮರಳಿ ಹರಿದಾಗ ಬೆರಳು ಕೆಂಪಾಗಿ, ಚುಮುಚುಮು ಎಂದು ನೋಯುತ್ತದೆ. ಇದೇ ಕಂಪನದಿಂದ ಬರುವ ಬಿಳಿ ಬೆರಳಿನ ಕಾಯಿಲೆ. ಯಂತ್ರದ ಅದುರಾಟ ದಿನವೂ ಗಂಟೆಗಟ್ಟಲೆ ಕೈಗೆ ತಾಗುತ್ತಿದ್ದರೆ ಬೆರಳಿನ ಸಣ್ಣ ರಕ್ತನಾಳಗಳೂ ನರಗಳೂ ಕೆಡುತ್ತವೆ. ನಾಳಗಳು ಸ್ವಲ್ಪ ತಂಪು ತಾಗಿದರೂ ಮುದುಡಿಕೊಳ್ಳುತ್ತವೆ.

ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ಇಂಡಿಯಾನಾ ರಾಜ್ಯದ ಕಲ್ಲುಕುಟಿಗರಲ್ಲಿ ಇದನ್ನು ಕಂಡು ದಾಖಲಿಸಿದ್ದರು. ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ ಹಿಡಿದವರ ಬೆರಳುಗಳು ಹೀಗೆ ಬಿಳಿಚುತ್ತಿದ್ದವು. 1960ರ ದಶಕದ ಹೊತ್ತಿಗೆ ಯೂರೋಪ್, ಜಪಾನ್ ದೇಶಗಳ ಕಾಡುಗಳಲ್ಲಿ ಯಂತ್ರ ಗರಗಸ ಹಿಡಿದವರಲ್ಲಿಯೂ ಇದು ವ್ಯಾಪಕವಾಗಿ ಕಂಡುಬಂತು.

ನಮ್ಮಂಥ ಬೆಚ್ಚನೆಯ ನಾಡಿನಲ್ಲಿ ಬೆರಳು ಬಿಳಿಚುವುದು ಅಷ್ಟಾಗಿ ಕಾಣದಿರಬಹುದು. ಹಾಗೆಂದು ಅಪಾಯವಿಲ್ಲ ಎಂದು ತಿಳಿಯಬೇಡಿ. ಇಲ್ಲಿ ಮೊದಲು ಕಾಣಿಸಿಕೊಳ್ಳುವುದು ನರದ ತೊಂದರೆ. ಕೈ ಜೋಮು ಹಿಡಿಯುವುದು, ರಾತ್ರಿ ನಿದ್ದೆಯಲ್ಲಿ ಬೆರಳು ಮರಗಟ್ಟಿ ಎಚ್ಚರವಾಗುವುದು, ಹಿಡಿತ ಸಡಿಲವಾಗುವುದು ಇದರ ಲಕ್ಷಣಗಳು. ಆರಂಭದಲ್ಲೇ ಯಂತ್ರದಿಂದ ದೂರವಾದರೆ ಸ್ವಲ್ಪಮಟ್ಟಿಗೆ ಸುಧಾರಿಸುತ್ತದೆ. ಬಹಳ ಮುಂದುವರಿದ ಮೇಲೆ ಹಾಳಾದ ನರವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುತ್ತದೆ.

ಒಂದು ಸಮಾಧಾನದ ಸಂಗತಿಯೂ ಇದೆ. ಫಿನ್‌ಲೆಂಡಿನಲ್ಲಿ ಅರಣ್ಯ ಕೆಲಸಗಾರರ ಒಂದು ಗುಂಪನ್ನು 1972ರಿಂದ 1990ರವರೆಗೆ ವೈದ್ಯರು ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದರು. ಆರಂಭದಲ್ಲಿ ಅವರಲ್ಲಿ ಶೇಕಡ 40ರಷ್ಟು ಮಂದಿಗೆ ಬಿಳಿ ಬೆರಳಿನ ಕಾಯಿಲೆ ಇತ್ತು. ಕೊನೆಗೆ ಅದು ಶೇಕಡ 5ಕ್ಕೆ ಇಳಿದಿತ್ತು. ಈ ನಡುವೆ ಗರಗಸಗಳು ಹಗುರವಾಗಿದ್ದವು. ಹಿಡಿಕೆಗೂ ಎಂಜಿನ್ನಿಗೂ ಮಧ್ಯೆ ರಬ್ಬರ್ ಬುಷ್, ಸ್ಪ್ರಿಂಗುಗಳನ್ನು ಇಟ್ಟು ಅದುರಾಟವನ್ನು ತಡೆಯಲಾಗಿತ್ತು. ಎಂದರೆ ಯಂತ್ರ ಸರಿಯಿದ್ದರೆ ಕೈ ಉಳಿಯುತ್ತದೆ.

ಆದರೆ ಇದರಲ್ಲೇ ಒಂದು ಎಚ್ಚರಿಕೆಯೂ ಅಡಗಿದೆ. ಹೊಸ ಯಂತ್ರ ಕೊಡುವ ಈ ರಕ್ಷಣೆ ಆರೈಕೆ ಇರುವವರೆಗೆ ಮಾತ್ರ. ರಬ್ಬರ್ ಹರಿದರೆ, ಹಲ್ಲು ಮೊಂಡಾದರೆ, ಚೈನ್ ಸಡಿಲವಾದರೆ ಅದುರಾಟ ಪುನಃ ಹೆಚ್ಚುತ್ತದೆ. ಮೊಂಡು ಗರಗಸ ತಾನಾಗಿ ಮರವನ್ನು ಕಚ್ಚುವುದಿಲ್ಲ. ಕೊಯ್ಯುವವನು ಮೈಭಾರ ಹಾಕಿ ಒತ್ತಬೇಕಾಗುತ್ತದೆ. ಹಿಡಿತ ಬಿಗಿಯಾದಷ್ಟೂ ಅದುರಾಟ ಕೈಯೊಳಗೆ ಹೆಚ್ಚಾಗಿ ಇಳಿಯುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಸದ್ದು, ಹೊಗೆ, ಹುಡಿ ಎಲ್ಲವೂ ಜೊತೆಗಿರುತ್ತವೆ.

ಕೈ ಹಾಕುವ ಮುನ್ನ

ಶುಚಿ ಮಾಡಲು ಕುಳಿತಾಗಲೂ ಗಾಯವಾಗುವುದುಂಟು. ನಿಂತ ಚೈನಿನ ಹಲ್ಲು ಕೂಡ ಚೂರಿಯಷ್ಟೇ ಹರಿತ. ಆದ್ದರಿಂದ ಮೊದಲು ಎಂಜಿನ್ ನಿಲ್ಲಿಸಿ. ಅದು ತಣ್ಣಗಾಗುವವರೆಗೆ ಕಾಯಿರಿ. ಸೈಲೆನ್ಸರ್ ಮುಟ್ಟಿ ಚರ್ಮ ಸುಟ್ಟುಕೊಳ್ಳುವವರು ಕಡಿಮೆಯಿಲ್ಲ. ನಂತರ ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಎಳೆದು ತೆಗೆದಿಡಿ. ಕರೆಂಟಿನ ಗರಗಸವಾದರೆ ಪ್ಲಗ್ ಕಿತ್ತು, ಬ್ಯಾಟರಿಯದಾದರೆ ಬ್ಯಾಟರಿ ಹೊರತೆಗೆದು ಕೆಲಸ ಆರಂಭಿಸಿ. ಕೈಗೆ ದಪ್ಪನೆಯ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಬೆಳಕಿರುವ, ಗಾಳಿಯಾಡುವ ಜಾಗದಲ್ಲಿ ಕುಳಿತುಕೊಳ್ಳಿ. ಮಕ್ಕಳು ಸುತ್ತ ಸುಳಿಯದಂತೆ ನೋಡಿಕೊಳ್ಳಿ.

ಹುಡಿ ತೆಗೆಯುವ ಬಗೆ

ಪಕ್ಕದ ಮುಚ್ಚಳದ ನಟ್ಟುಗಳನ್ನು ಬಿಚ್ಚಿದರೆ ಒಳಗೆ ಎಣ್ಣೆಯಲ್ಲಿ ನೆಂದು ಗಟ್ಟಿಯಾದ ಮರದ ಹುಡಿ ಕಾಣುತ್ತದೆ. ಚೈನನ್ನೂ ಅದು ಓಡುವ ಉದ್ದನೆಯ ಪಟ್ಟಿಯನ್ನೂ, ಅಂದರೆ ಬಾರನ್ನೂ, ತೆಗೆದಿಟ್ಟು ಹಳೆಯ ಬ್ರಷ್ಷಿನಿಂದ ಈ ಹುಡಿಯನ್ನು ಗುಡಿಸಿ ತೆಗೆಯಿರಿ. ಚೈನ್ ಬ್ರೇಕಿನ ಸುತ್ತ ಹುಡಿ ತುಂಬಿಕೊಂಡಿದ್ದರೆ ಬೇಕಾದ ಕ್ಷಣದಲ್ಲಿ ಬ್ರೇಕ್ ಹಿಡಿಯದೆ ಹೋಗಬಹುದು.

ಬಾಯಿಯಿಂದ ಉಫ್ ಎಂದು ಊದುವುದು, ಪಂಚರ್ ಅಂಗಡಿಯ ಗಾಳಿ ಪೈಪನ್ನು ಮುಖದ ಹತ್ತಿರ ಹಿಡಿದು ಹುಡಿ ಹಾರಿಸುವುದು ಒಳ್ಳೆಯದಲ್ಲ. ಹುಡಿ ಕಣ್ಣಿಗೆ, ಮೂಗಿಗೆ ಸೇರುತ್ತದೆ. ಮರದ ಹುಡಿಯಿಂದ ಸೀನು, ಮೂಗು ಕಟ್ಟುವುದು, ಉಬ್ಬಸ, ಚರ್ಮದ ಕಡಿತ ಬರುವುದು ಮರದ ಕೆಲಸದವರಿಗೆ ಗೊತ್ತೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮರಗೆಲಸದ ಮನೆಗಳಲ್ಲಿ ವರ್ಷಗಟ್ಟಲೆ ನವುರಾದ ಹುಡಿ ಸೇವಿಸಿದವರಲ್ಲಿ ಮೂಗಿನ ಒಳಭಾಗದ ಕ್ಯಾನ್ಸರ್ ಹೆಚ್ಚಾಗಿ ಕಂಡದ್ದು ಇದಕ್ಕೆ ಕಾರಣ. ಬಯಲಿನಲ್ಲಿ ವಾರಕ್ಕೊಮ್ಮೆ ಗರಗಸ ಹಿಡಿಯುವವರು ಇದರಿಂದ ಹೆದರಬೇಕಾಗಿಲ್ಲ. ಆದರೆ ಹುಡಿಯನ್ನು ಮುಖಕ್ಕೆ ಊದಿಕೊಳ್ಳುವ ಅಭ್ಯಾಸವೂ ಬೇಕಾಗಿಲ್ಲ. ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಮೂಗಿಗೆ ಮಾಸ್ಕ್ ಇರಲಿ.

ಬಾರಿನ ಅಂಚಿನ ಸೀಳಿನಲ್ಲಿ ಕೂತ ಹುಡಿಯನ್ನು ತೆಳ್ಳಗಿನ ತಗಡಿನ ತುಂಡಿನಿಂದ ಕೆರೆದು ತೆಗೆಯಿರಿ. ಎಣ್ಣೆ ಬರುವ ಸಣ್ಣ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ. ಮರಳಿ ಜೋಡಿಸುವಾಗ ಬಾರನ್ನು ಮೇಲೆ ಕೆಳಗೆ ತಿರುಗಿಸಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಎಂಜಿನ್ನಿನ ಮೇಲಿನ ತಂಪಾಗಿಸುವ ರೆಕ್ಕೆಗಳ ನಡುವೆ, ಹಗ್ಗ ಎಳೆಯುವ ಭಾಗದ ಜಾಲರಿಯಲ್ಲಿ ಸೇರಿಕೊಂಡ ಕಸವನ್ನೂ ತೆಗೆಯಬೇಕು. ಇಲ್ಲದಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತದೆ.

ಯಂತ್ರದ ಮೂಗು ಕಟ್ಟಿದರೆ

ಏರ್ ಫಿಲ್ಟರ್ ಎಂದರೆ ಯಂತ್ರದ ಮೂಗು. ಅದು ಕಟ್ಟಿಕೊಂಡರೆ ಎಂಜಿನ್ನಿಗೆ ಗಾಳಿ ಸಾಲದೆ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಹೊಗೆ ಹೆಚ್ಚುತ್ತದೆ, ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೆಚ್ಚುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಆಮ್ಲಜನಕದ ಜಾಗವನ್ನು ಆಕ್ರಮಿಸಿ ರಕ್ತವನ್ನು ಸೇರುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಮುಂದುವರಿದರೆ ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಅಪಾಯ. ಕೆಲಸ ಮುಗಿಸಿ ಬಂದವರಿಗೆ ತಲೆನೋವು ಬಂದರೆ ಬಿಸಿಲಿನಿಂದ ಎಂದುಕೊಂಡು ಸುಮ್ಮನಾಗುತ್ತೇವೆ. ಅದು ಹೊಗೆಯಿಂದಲೂ ಇರಬಹುದು.

ಫಿಲ್ಟರನ್ನು ದಿನವೂ ತೆಗೆದು ಮೃದುವಾಗಿ ತಟ್ಟಿ, ಬ್ರಷ್ಷಿನಿಂದ ಸವರಿ. ತೊಳೆಯಬಹುದಾದ ಬಗೆಯದಾದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಪೆಟ್ರೋಲಿನಲ್ಲಿ ತೊಳೆಯಬೇಡಿ. ಹರಿದಿದ್ದರೆ ಹೊಸದು ಹಾಕಿ. ರಿಪೇರಿ ಆಯಿತೇ ಎಂದು ನೋಡಲು ಕೊಟ್ಟಿಗೆ, ಗ್ಯಾರೇಜಿನ ಒಳಗೆ ಬಾಗಿಲು ಮುಚ್ಚಿಕೊಂಡು ಎಂಜಿನ್ ಚಾಲೂ ಮಾಡಲೇಬಾರದು. ಹೊರಗೆ ಮಳೆ ಸುರಿಯುತ್ತಿದ್ದರೂ ಈ ನಿಯಮ ಮುರಿಯಬೇಡಿ.

ಹಲ್ಲು ಹರಿತ ಮಾಡುವುದು

ಹಲ್ಲು ಹರಿತವಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಹರಿತವಾದ ಗರಗಸ ಅವಲಕ್ಕಿಯಂಥ ಚೂರುಗಳನ್ನು ಉದುರಿಸುತ್ತದೆ. ಹಿಟ್ಟಿನಂಥ ಹುಡಿ ಬರುತ್ತಿದ್ದರೆ, ಎಣ್ಣೆ ಸರಿಯಾಗಿ ಬೀಳುತ್ತಿದ್ದರೂ ಹೊಗೆ ಏಳುತ್ತಿದ್ದರೆ, ಒತ್ತದೆ ಮುಂದೆ ಹೋಗದಿದ್ದರೆ ಹಲ್ಲು ಮೊಂಡಾಗಿದೆ ಎಂದರ್ಥ. ಕಲ್ಲಿಗೋ ಮಣ್ಣಿಗೋ ಒಮ್ಮೆ ತಾಗಿದರೂ ಸಾಕು, ಹರಿತ ಹೋಗುತ್ತದೆ.

ಇಂದಿನ ಚೈನಿನ ಹಲ್ಲಿನ ವಿನ್ಯಾಸಕ್ಕೆ ಸ್ಫೂರ್ತಿ ಒಂದು ಹುಳು. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಮರಕಡಿಯುವವ ಜೋ ಕಾಕ್ಸ್ ಮರ ಕೊರೆಯುವ ದುಂಬಿಯ ಮರಿಹುಳುವನ್ನು ಗಮನಿಸಿದ. ಅದು ತನ್ನ ದವಡೆಯಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತರಿಸುತ್ತ ಸಲೀಸಾಗಿ ಮುಂದೆ ಸಾಗುತ್ತಿತ್ತು. ಅದೇ ರೀತಿ ಎಡ, ಬಲ ಹಲ್ಲುಗಳು ಒಂದಾದ ಮೇಲೊಂದು ಬರುವ ಚೈನನ್ನು ಅವನು ರೂಪಿಸಿದ. ಎರಡೂ ಕಡೆಯ ಹಲ್ಲು ಸಮನಾಗಿದ್ದರೆ ಮಾತ್ರ ಗರಗಸ ನೇರವಾಗಿ ಕೊಯ್ಯುತ್ತದೆ. ಒಂದು ಕಡೆಯವು ಗಿಡ್ಡವಾದರೆ ಅದು ಪಕ್ಕಕ್ಕೆ ಎಳೆಯುತ್ತದೆ. ಅದನ್ನು ನೇರಕ್ಕೆ ತರಲು ಕೊಯ್ಯುವವನ ಭುಜ, ಮಣಿಕಟ್ಟು, ಸೊಂಟ ದಿನವಿಡೀ ಹೆಣಗಬೇಕಾಗುತ್ತದೆ.

ಹರಿತ ಮಾಡಲು ಉರುಟು ಅರ ಬೇಕು. ಅದರ ದಪ್ಪ ಚೈನಿನ ಅಳತೆಗೆ ತಕ್ಕಂತೆ ಬೇರೆಬೇರೆ. ಸಣ್ಣ ಗರಗಸಗಳಿಗೆ ಸಾಮಾನ್ಯವಾಗಿ 4 ಮಿಲಿಮೀಟರ್, ಮಧ್ಯಮ ಗಾತ್ರದವಕ್ಕೆ 4.8 ಮಿಲಿಮೀಟರ್. ಯಂತ್ರದೊಂದಿಗೆ ಬಂದ ಪುಸ್ತಕದಲ್ಲಿ ಅಳತೆ ನೋಡಿಕೊಳ್ಳಿ. ಬಾರನ್ನು ವೈಸಿನಲ್ಲಿ ಬಿಗಿಹಿಡಿಸಿ. ಹಲ್ಲಿನ ಮೇಲೆ ಗೀರಿದ ಗುರುತಿನ ಕೋನಕ್ಕೆ, ಹೆಚ್ಚಾಗಿ 30 ಡಿಗ್ರಿಗೆ, ಅರವನ್ನು ಹಿಡಿದು ಒಳಗಿನಿಂದ ಹೊರಕ್ಕೆ ತಳ್ಳಿ. ಹಿಂದಕ್ಕೆ ತರುವಾಗ ಎತ್ತಿಕೊಳ್ಳಿ, ಉಜ್ಜಬೇಡಿ. ಪ್ರತಿ ಹಲ್ಲಿಗೂ ಒಂದೇ ಲೆಕ್ಕದಲ್ಲಿ ಎರಡೋ ಮೂರೋ ಸಲ ತಳ್ಳಿದರೆ ಸಾಕು. ಒಂದು ಕಡೆಯ ಹಲ್ಲುಗಳನ್ನೆಲ್ಲ ಮುಗಿಸಿ ಮತ್ತೊಂದು ಕಡೆಗೆ ಬನ್ನಿ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬವಿರುತ್ತದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಎಂಬುದನ್ನು ನಿರ್ಧರಿಸುವುದು ಇದೇ. ಹೆಚ್ಚಿನ ಚೈನುಗಳಲ್ಲಿ ಇದು ಹಲ್ಲಿನ ತುದಿಗಿಂತ 0.65 ಮಿಲಿಮೀಟರ್‌ನಷ್ಟು ತಗ್ಗಿನಲ್ಲಿರಬೇಕು. ಬೇಗ ಕೊಯ್ಯಲಿ ಎಂದು ಕೆಲವರು ಇದನ್ನು ಬೇಕಾಬಿಟ್ಟಿ ತೇಯ್ದುಬಿಡುತ್ತಾರೆ. ಆಗ ಗರಗಸ ಆಳಕ್ಕೆ ಕಚ್ಚಿ ಅದುರುತ್ತದೆ. ಬಾರಿನ ತುದಿ ಮರಕ್ಕೆ ತಾಗಿದೊಡನೆ ಒದ್ದಂತೆ ಹಿಂದಕ್ಕೆ ಮುಖದತ್ತ ಚಿಮ್ಮುತ್ತದೆ. ಚೈನ್ ಓಡುವ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ತಲೆ ತಪ್ಪಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಅಳತೆಪಟ್ಟಿ ಇಟ್ಟು ನೋಡದೆ ಈ ದಿಬ್ಬವನ್ನು ಮುಟ್ಟಬೇಡಿ.

ಚೈನ್ ಎಷ್ಟು ಬಿಗಿಯಿರಬೇಕು? ಬಾರಿನ ಕೆಳಗೆ ಅದು ಜೋತಾಡಬಾರದು. ಕೈಗವಸು ಹಾಕಿದ ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ತಣ್ಣಗಿರುವಾಗಲೇ ಈ ಪರೀಕ್ಷೆ ಮಾಡಿ. ಬಿಸಿಯಿದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೇ ಸಡಿಲಿಸಿ. ತಣಿದ ಚೈನ್ ಕುಗ್ಗಿ ಯಂತ್ರವನ್ನೇ ಎಳೆದು ಕೆಡಿಸುತ್ತದೆ.

ಎಣ್ಣೆ ಮತ್ತು ಪೆಟ್ರೋಲ್

ಚೈನಿಗೆ ಬಿಡುವ ಎಣ್ಣೆಯ ಬದಲು ಟ್ರ್ಯಾಕ್ಟರ್, ಜೀಪುಗಳಿಂದ ಇಳಿಸಿದ ಹಳೆ ಆಯಿಲ್ ತುಂಬುವುದು ಉಳಿತಾಯದಂತೆ ಕಾಣುತ್ತದೆ. ಬಳಸಿ ಕಪ್ಪಾದ ಎಂಜಿನ್ ಆಯಿಲ್ಲಿನಲ್ಲಿ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲ ರಾಸಾಯನಿಕಗಳು ಸೇರಿಕೊಂಡಿರುತ್ತವೆ. ಓಡುವ ಚೈನ್ ಈ ಎಣ್ಣೆಯನ್ನು ಸಣ್ಣ ಹನಿಗಳಾಗಿ ಬಟ್ಟೆ, ಕೈ, ಮುಖದ ಮೇಲೆ ಎರಚುತ್ತದೆ. ಉಳಿದದ್ದು ತೋಟದ ಮಣ್ಣಿಗೆ ಸೇರುತ್ತದೆ. ಹೊಸ ಎಣ್ಣೆಯನ್ನೇ ಬಳಸಿ. ಎಣ್ಣೆಯಲ್ಲಿ ನೆಂದ ಬಟ್ಟೆಯನ್ನು ಅಂದೇ ಬದಲಿಸಿ, ಮನೆಯವರ ಬಟ್ಟೆಯೊಂದಿಗೆ ಬೆರೆಸದೆ ಒಗೆಯಿರಿ. ಎಣ್ಣೆ ಒರೆಸಿದ ಚಿಂದಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬಿಡಿ.

ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲ್ಲಿನ ಪ್ರಮಾಣ ಯಂತ್ರದ ಪುಸ್ತಕದಲ್ಲಿ ಹೇಳಿದಂತೆಯೇ ಇರಲಿ. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, ಇಪ್ಪತ್ತೈದಕ್ಕೆ ಒಂದು ಎಂದಿದ್ದರೆ 40 ಮಿಲಿಲೀಟರ್. ಆಯಿಲ್ ಹೆಚ್ಚಾದರೆ ಹೊಗೆ ನಿಮ್ಮ ಎದೆಗೆ, ಕಡಿಮೆಯಾದರೆ ಖರ್ಚು ನಿಮ್ಮ ಜೇಬಿಗೆ. ಯಂತ್ರ ತಣಿದ ಮೇಲೆ ಪೆಟ್ರೋಲ್ ತುಂಬಿ, ತುಂಬಿದ ಜಾಗದಿಂದ 3 ಮೀಟರಾದರೂ ದೂರ ಹೋಗಿ ಚಾಲೂ ಮಾಡಿ. ಹತ್ತಿರ ಬೀಡಿ, ಬೆಂಕಿ ಇರಬಾರದು.

ಬೈಕಿನ ಟ್ಯಾಂಕಿನಿಂದ ಪೈಪು ಹಾಕಿ ಬಾಯಿಯಿಂದ ಪೆಟ್ರೋಲ್ ಎಳೆಯುವುದು ಬಹಳ ಅಪಾಯಕಾರಿ. ಒಂದೇ ಗುಟುಕು ಶ್ವಾಸನಾಳಕ್ಕೆ ಇಳಿದರೂ ತೀವ್ರ ನ್ಯುಮೋನಿಯಾ ಆಗಬಹುದು. ಹಾಗೇನಾದರೂ ಆದರೆ, ಇಲ್ಲವೇ ಮಗು ಪೆಟ್ರೋಲ್ ಕುಡಿದರೆ, ಬೆರಳು ಹಾಕಿಯೋ ಉಪ್ಪುನೀರು ಕುಡಿಸಿಯೋ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಪೆಟ್ರೋಲ್ ಶ್ವಾಸಕೋಶಕ್ಕೆ ನುಗ್ಗುವ ಸಂಭವ ಹೆಚ್ಚು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತಂಪು ಪಾನೀಯದ ಬಾಟಲಿಗಳಲ್ಲಿ ಪೆಟ್ರೋಲ್ ಇಡುವ ರೂಢಿಯನ್ನು ಇಂದೇ ನಿಲ್ಲಿಸಿ. ಬಾಟಲಿ ಕಂಡ ಮಗುವಿಗೆ ಒಳಗೇನಿದೆ ಎಂಬ ವಿವೇಚನೆ ಇರುವುದಿಲ್ಲ. ಕೈಗೆ ಹತ್ತಿದ ಜಿಡ್ಡನ್ನು ಪೆಟ್ರೋಲಿನಿಂದ ತೊಳೆಯುವುದೂ ಬೇಡ. ಚರ್ಮ ಒಣಗಿ ಬಿರಿಯುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಸೋಪಿನಿಂದ ತೊಳೆದರೆ ಜಿಡ್ಡು ಹೋಗುತ್ತದೆ.

ರಬ್ಬರ್ ಬುಷ್ ಮತ್ತು ಬ್ರೇಕ್

ಹಿಡಿಕೆ ಮತ್ತು ಎಂಜಿನ್ನಿನ ನಡುವಿನ ರಬ್ಬರ್ ಬುಷ್ ಅಥವಾ ಸ್ಪ್ರಿಂಗುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಿ. ಬಿರುಕು ಬಿಟ್ಟಿದ್ದರೆ, ಹಿಡಿಕೆ ಒಂದು ಕಡೆಗೆ ವಾಲಿದ್ದರೆ ಬದಲಿಸಿ. ಫಿನ್‌ಲೆಂಡಿನ ಕೆಲಸಗಾರರ ಬೆರಳು ಉಳಿಸಿದ್ದು ಇಂಥವೇ ಭಾಗಗಳು. ಕೆಲಸಕ್ಕೆ ತೊಡಗುವ ಮುನ್ನ ಚೈನ್ ಬ್ರೇಕ್ ಹಿಡಿಯುತ್ತದೆಯೇ, ಆಕ್ಸಲರೇಟರ್ ಬಿಟ್ಟೊಡನೆ ಚೈನ್ ನಿಲ್ಲುತ್ತದೆಯೇ, ಸೈಲೆನ್ಸರ್ ಸಡಿಲವಾಗಿಲ್ಲವೇ ನೋಡಿಕೊಳ್ಳಿ.

ಸೈಲೆನ್ಸರ್ ಗಟ್ಟಿಯಿದ್ದರೂ ಕಿವಿಗೆ ರಕ್ಷಣೆ ಬೇಕೇಬೇಕು. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆದುಕೊಂಡೀತು. 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ ಎಂಬುದು ತಜ್ಞರ ಲೆಕ್ಕ. ಪೆಟ್ರೋಲ್ ಗರಗಸದ ಸದ್ದು ಸಾಮಾನ್ಯವಾಗಿ 100 ಡೆಸಿಬೆಲ್‌ಗಿಂತ ಹೆಚ್ಚು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಲದು. ಕಿವಿ ಮುಚ್ಚುವ ಇಯರ್ ಮಫ್ ಅಥವಾ ಒಳಗೆ ಸೇರಿಸುವ ಪ್ಲಗ್ ಬಳಸಬೇಕು. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

ಗಾಯವಾದರೆ

ಕೈ ಕೊಯ್ದುಕೊಂಡಾಗ ಕಾಫಿ ಪುಡಿ, ಅರಿಶಿನ, ಸೀಮೆಎಣ್ಣೆ ಹಾಕುವವರು ಇನ್ನೂ ಇದ್ದಾರೆ. ಇವಾವುವೂ ಬೇಡ. ಸಣ್ಣ ಗಾಯವನ್ನು ಶುದ್ಧ ನೀರು ಮತ್ತು ಸೋಪಿನಿಂದ ತೊಳೆಯಿರಿ. ರಕ್ತ ಹೆಚ್ಚು ಹರಿಯುತ್ತಿದ್ದರೆ ಒಗೆದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೊಂದು ಬಟ್ಟೆ ಇಟ್ಟು ಮತ್ತೂ ಒತ್ತಿ. ಬೆರಳು ತುಂಡಾದರೆ ಅದನ್ನು ಸ್ವಚ್ಛವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ. ತುಂಡು ನೇರವಾಗಿ ಮಂಜಿಗೆ ತಾಗಬಾರದು. 108ಕ್ಕೆ ಕರೆ ಮಾಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲು ಮರೆಯಬೇಡಿ. ಅರ ಹಾಕುವಾಗ ಲೋಹದ ಪುಡಿ ಕಣ್ಣಿಗೆ ಹೋದರೆ ಕಣ್ಣುಜ್ಜಬಾರದು. ನೀರಿನಿಂದ ತೊಳೆದೂ ಚುಚ್ಚುತ್ತಿದ್ದರೆ ನೇತ್ರ ವೈದ್ಯರಲ್ಲಿಗೆ ಹೋಗಿ.

ಮನೆಯವರು ಗಮನಿಸಬೇಕಾದದ್ದು

ಗರಗಸ ಹಿಡಿಯುವವರು ತಮ್ಮ ತೊಂದರೆಯನ್ನು ತಾವಾಗಿ ಹೇಳುವುದು ಅಪರೂಪ. ಕೆಲಸ ತಪ್ಪೀತೆಂಬ ಭಯ ಒಂದು ಕಡೆ, ಜೋಮು ತಾನೇ ಎಂಬ ಅಸಡ್ಡೆ ಇನ್ನೊಂದು ಕಡೆ. ಮನೆಯವರ ಕಣ್ಣಿಗೆ ಮಾತ್ರ ಕೆಲವು ಸೂಚನೆಗಳು ಬೀಳುತ್ತವೆ. ಅಂಗಿಯ ಗುಂಡಿ ಹಾಕಲು ತಡವರಿಸುವುದು, ನೆಲಕ್ಕೆ ಬಿದ್ದ ನಾಣ್ಯ ಹೆಕ್ಕಲಾಗದಿರುವುದು, ಕಾಫಿ ಲೋಟ ಕೈಜಾರುವುದು, ರಾತ್ರಿ ಎದ್ದು ಕೈ ಕೊಡವುವುದು, ಟಿವಿಯ ಸದ್ದು ದಿನೇದಿನೇ ಏರುವುದು ಇವೇ ಆ ಸೂಚನೆಗಳು. ಇವು ಕಂಡರೆ ವೈದ್ಯರಲ್ಲಿಗೆ ಕರೆದೊಯ್ದು, ಎಷ್ಟು ವರ್ಷದಿಂದ ಯಂತ್ರ ಹಿಡಿಯುತ್ತಿದ್ದಾರೆ ಎಂಬುದನ್ನು ತಪ್ಪದೆ ತಿಳಿಸಿ. ಸಕ್ಕರೆ ಕಾಯಿಲೆಯಿಂದಲೂ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗಲೂ ಹೀಗೆ ಜೋಮು ಬರುವುದುಂಟು. ಪರೀಕ್ಷೆಯಿಂದ ಮಾತ್ರ ಯಾವುದೆಂದು ತಿಳಿಯುತ್ತದೆ. ಬೀಡಿ, ಸಿಗರೇಟು ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುವುದರಿಂದ ಅವನ್ನು ಬಿಡುವುದೂ ಚಿಕಿತ್ಸೆಯ ಭಾಗವೇ.

ನೆನಪಿಡಿ

* ದಿನವೂ: ಹುಡಿ ಗುಡಿಸಿ, ಏರ್ ಫಿಲ್ಟರ್ ಸ್ವಚ್ಛ ಮಾಡಿ, ಚೈನಿನ ಹರಿತ ಮತ್ತು ಬಿಗಿ ನೋಡಿ, ಬ್ರೇಕ್ ಪರೀಕ್ಷಿಸಿ.
* ವಾರಕ್ಕೊಮ್ಮೆ: ಬಾರಿನ ಸೀಳು ಕೆರೆದು ತಿರುಗಿಸಿ ಹಾಕಿ, ರಬ್ಬರ್ ಬುಷ್ ನೋಡಿ, ಎಂಜಿನ್ನಿನ ರೆಕ್ಕೆಗಳ ಕಸ ತೆಗೆಯಿರಿ.
* ತಿಂಗಳಿಗೊಮ್ಮೆ: ಸ್ಪಾರ್ಕ್ ಪ್ಲಗ್ ತೆಗೆದು ಒರೆಸಿ, ಪೆಟ್ರೋಲ್ ಫಿಲ್ಟರ್ ಮತ್ತು ಸೈಲೆನ್ಸರ್ ನೋಡಿ.
* ಹಂಗಾಮು ಮುಗಿದಾಗ: ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಚೈನಿಗೆ ಎಣ್ಣೆ ಸವರಿ, ಬಾರಿಗೆ ಕವಚ ಹಾಕಿ, ಮಕ್ಕಳ ಕೈಗೆ ಎಟುಕದಂತೆ ಇಡಿ.

ಮಾಲೀಕರಿಗೊಂದು ಮಾತು

ಇಷ್ಟೆಲ್ಲ ಮಾಡಲು ದಿನಕ್ಕೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ ಸಾಕು. ಆದರೆ ಆ ಇಪ್ಪತ್ತು ನಿಮಿಷ ಯಾರದು? ಮರಕ್ಕಿಷ್ಟು ಎಂದು ಕೂಲಿ ಗೊತ್ತು ಮಾಡಿದ್ದರೆ ಕೊಯ್ಯುವವನು ಅರ ಹಿಡಿದು ಕೂರುವುದಿಲ್ಲ. ಕೂತಷ್ಟು ಹೊತ್ತೂ ಅವನಿಗೆ ನಷ್ಟ. ಮೊಂಡು ಗರಗಸವನ್ನೇ ಒತ್ತಿ ಒತ್ತಿ ಮರ ಮುಗಿಸುತ್ತಾನೆ, ಅದರ ಬೆಲೆಯನ್ನು ಹತ್ತು ವರ್ಷದ ನಂತರ ಅವನ ಬೆರಳು ತೆರುತ್ತದೆ. ಆದ್ದರಿಂದ ತೋಟದ ಮಾಲೀಕರು ಶುಚಿ ಮಾಡುವ ಹೊತ್ತನ್ನೂ ಕೆಲಸದ ಹೊತ್ತೆಂದೇ ಲೆಕ್ಕ ಹಿಡಿಯಬೇಕು. ಅರ, ಬ್ರಷ್, ಕೈಗವಸು, ಕಿವಿಯ ರಕ್ಷಣೆ ಇವನ್ನು ತಾವೇ ಒದಗಿಸಬೇಕು. ಒಬ್ಬನೇ ದಿನವಿಡೀ ಯಂತ್ರ ಹಿಡಿಯುವ ಬದಲು ಇಬ್ಬರು ಸರದಿಯಂತೆ ಹಿಡಿಯುವ ಏರ್ಪಾಡು ಮಾಡಿದರೆ ಇನ್ನೂ ಒಳ್ಳೆಯದು. ಇದರಿಂದ ಯಂತ್ರವೂ ಹೆಚ್ಚು ಕಾಲ ಬಾಳುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಸ್ವಂತ ತೋಟದಲ್ಲಿ ಸ್ವಂತ ಕೈಯಿಂದ ಗರಗಸ ಹಿಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಈ ಸಲ ಮರಗಸಿಗೆ ತೊಡಗುವ ಮೊದಲು ಗರಗಸವನ್ನು ಅಂಗಳಕ್ಕೆ ತಂದು ಬಿಚ್ಚಿ ನೋಡಿ. ಚೈನ್ ಸವೆದರೆ ಪೇಟೆಯಲ್ಲಿ ಹೊಸದು ಸಿಗುತ್ತದೆ. ಸ್ಪರ್ಶ ಕಳೆದುಕೊಂಡ ಬೆರಳಿಗೆ ಬದಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.